ಒಂದ್ನಮೂನಿ

ನಮ್ಮ ಮನೆಯಲ್ಲಿ ಜ್ವರಕ್ಕೆ ಕಷಾಯವಿತ್ತು, ಹೊಟ್ಟೆನೋವಿಗೆ ಅಜವಾನವಿತ್ತು, ದೃಷ್ಟಿ ತಾಕಿದರೆ ನಿವಾಳಿಸಲು ಮೆಣಸಿನಕಾಯಿ ಬೇಕಾದಷ್ಟಿತ್ತು. ಒಂದ್ನಮೂನಿಗೆ ಮಾತ್ರ ಏನೂ ಇರಲಿಲ್ಲ. ಅದು ಬಂದರೆ ಬಂತು, ತಾನಾಗಿಯೇ ಹೋದರೆ ಹೋಯಿತು. ಮೊನ್ನೆ ಹಾವೇರಿಯಲ್ಲಿ ಮೈಸೂರು ಕಡೆಯಿಂದ ಹೊಸದಾಗಿ ಬಂದ ಹುಡುಗ ಡಾಕ್ಟರೊಬ್ಬರ ಮುಂದೆ ಕುಳಿತು, ಏನು ತೊಂದರೆ ಎಂದು ಅವರು ಕೇಳಿದ್ದಕ್ಕೆ, ಒಂದ್ನಮೂನಿ ಆಗುತ್ತದೆ ಎಂದೆ. ತಲೆಸುತ್ತೇ, ಎದೆ ಹಿಡಿದಂತೆಯೇ, ವಾಕರಿಕೆಯೇ ಎಂದು ಅವರು ಒಂದೊಂದಾಗಿ ಕೇಳಿದರು. ನಾನು ಒಂದೊಂದಕ್ಕೂ ಅಲ್ಲ ಎಂದೆ. ಹಾಗಾದರೆ ಏನು ಎಂದರು. ಒಂದ್ನಮೂನಿ ಎಂದೆ. ರಕ್ತ ತೆಗೆಸಿದರು, ಎದೆಗೆ ತಂತಿ ಹಚ್ಚಿಸಿದರು, ಎಲ್ಲವೂ ಸರಿಯಾಗಿದೆ ಎಂದರು. ಎಲ್ಲವೂ ಸರಿಯಾಗಿದೆ ಎಂದು ಕೇಳಿದ ತಕ್ಷಣ ನನಗೆ ಮತ್ತಷ್ಟು ಒಂದ್ನಮೂನಿ ಆಯಿತು. ಪಕ್ಕದಲ್ಲಿದ್ದ ನನ್ನ ಯಜಮಾನರು ಡಾಕ್ಟರಿಗೆ ಸಮಾಧಾನ ಹೇಳಿದರು:

"ನೀವು ಮನಸಿಗೆ ಹಚ್ಚಿಕೋಬ್ಯಾಡ್ರಿ ಸಾಹೇಬ್ರ. ಇದು ಆಕಿ ತವರಮನಿದ್ದು. ಬಂಗಾರ ಕೊಡಲಿಲ್ಲ, ಇದನ್ನ ಕೊಟ್ಟು ಕಳಿಸ್ಯಾರ."

ಮಾತು ತಮಾಷೆಯದಾದರೂ ಸುಳ್ಳಲ್ಲ. ಈ ಪದ ನನಗೆ ಬಂದದ್ದು ಬ್ಯಾಡಗಿಯ ನಮ್ಮ ಮನೆಯಿಂದ, ಅದರಲ್ಲೂ ಅಪ್ಪನ ತಾಯಿಯಾದ ಆಯಿಯ ಬಾಯಿಂದ. ನಮ್ಮದು ಉದ್ದನೆಯ ಮನೆ. ಮುಂದೆ ಪಡಸಾಲೆ, ಅದರ ಹಿಂದೆ ಬೆಳಕಿಲ್ಲದ ನಡುಮನೆ, ಅದರ ಹಿಂದೆ ಅಡುಗೆಮನೆ, ಕೊನೆಗೆ ಹಿತ್ತಲು. ಅಪ್ಪನದು ಮೆಣಸಿನಕಾಯಿ ದಲಾಲಿ ಅಂಗಡಿ. ಅಂಗಡಿ ಪೇಟೆಯಲ್ಲಿದ್ದರೂ ಅದರ ಅರ್ಧ ನಮ್ಮ ಪಡಸಾಲೆಯಲ್ಲೇ ಇತ್ತು. ಚೀಲಗಳಿಂದ ಒಂದೊಂದು ಹಿಡಿ ಕಾಯಿ ತಂದು, ಕಾಗದದಲ್ಲಿ ಕಟ್ಟಿ, ರೈತನ ಹೆಸರು ಬರೆದು, ಗೋಡೆಯ ಗೂಡುಗಳಲ್ಲಿ ಸಾಲಾಗಿ ಇಡುತ್ತಿದ್ದ. ಅವುಗಳಿಗೆ ನಮೂನಿ ಎನ್ನುತ್ತಿದ್ದರು. ನಮೂನಿ ತೆಗೆಯುವುದೂ ಒಂದು ವಿದ್ಯೆ. ಚೀಲದ ಬಾಯಲ್ಲಿ ಕೆಂಪಗೆ ಮಿರುಗುವ ಕಾಯಿ ಇಟ್ಟು ತಳದಲ್ಲಿ ಬಿಳಿಚಿದ್ದನ್ನು ತುಂಬುವವರಿದ್ದರು. ಅದಕ್ಕೇ ಅಪ್ಪ ಮೊಣಕೈ ಮುಳುಗುವವರೆಗೆ ಕೈ ಇಳಿಸಿ ತಳದ ಕಾಯಿ ಎತ್ತಿ, ಕಿವಿಯ ಹತ್ತಿರ ಅಲುಗಿಸಿ, ಬೀಜದ ಸದ್ದು ಕೇಳಿ ಒಣಗಿದೆಯೋ ಇಲ್ಲವೋ ಹೇಳುತ್ತಿದ್ದ. ಬಾಯಿಂದ ತಳದವರೆಗೆ ಒಂದೇ ಬಗೆಯ ಕಾಯಿ ಸಿಕ್ಕರೆ "ಒಂದ ನಮೂನಿ ಮಾಲು" ಎಂದು ಮನೆಗೆ ಬಂದ ಮೇಲೂ ಎರಡು ಸಲ ಹೇಳುತ್ತಿದ್ದ. ಅವನ ಬಾಯಿಂದ ಅದಕ್ಕಿಂತ ದೊಡ್ಡ ಹೊಗಳಿಕೆ ಯಾರಿಗೂ ಸಿಕ್ಕಿದ್ದಿಲ್ಲ. ನಮ್ಮ ಅವ್ವನಿಗಂತೂ ಸಿಕ್ಕೇ ಇಲ್ಲವೆಂದು ಅವಳು ಹೇಳುತ್ತಿದ್ದಳು.

ಇಷ್ಟು ಮೆಣಸಿನಕಾಯಿಯ ನಡುವೆ ಹುಟ್ಟಿ ಬೆಳೆದ ನಾವು ಯಾರೂ ಸೀನುತ್ತಿರಲಿಲ್ಲ. ಹೊರಗಿನವರು ಮಾತ್ರ ಹೊಸ್ತಿಲು ದಾಟಿದ ಕೂಡಲೇ ಸೀನುತ್ತಿದ್ದರು. ಗುತ್ತಲದ ಬೀಗರು ಸೀನಿದರು, ಶಾಲೆಯ ಮಾಸ್ತರು ಸೀನಿದರು, ಲೈಟಿನ ಮೀಟರು ನೋಡಲು ಬಂದವನು ಟಾರ್ಚು ಬೀಳಿಸಿಕೊಂಡು ಸೀನಿದ. ಬೇರೆ ಮನೆಗಳಲ್ಲಿ ಶುಭಕಾರ್ಯದ ಮಾತಿನ ನಡುವೆ ಯಾರಾದರೂ ಒಂಟಿ ಸೀನು ಸೀನಿದರೆ ಕೆಲಸ ಕೆಟ್ಟಿತೆಂದು ಎದ್ದು ಹೋಗುತ್ತಾರೆ. ಹಾಗೆ ನೋಡಿದರೆ ನಮ್ಮ ಮನೆಯಲ್ಲಿ ಒಂದು ಶುಭಕಾರ್ಯವೂ ನಡೆಯುವಂತಿರಲಿಲ್ಲ. ಅದಕ್ಕೆ ಆಯಿ ತಾನೇ ಒಂದು ತಿದ್ದುಪಡಿ ಮಾಡಿದ್ದಳು: ಮೆಣಸಿನಕಾಯಿ ಘಾಟಿಗೆ ಬಂದ ಸೀನು ಶಕುನದ ಲೆಕ್ಕಕ್ಕಿಲ್ಲ. ಅಷ್ಟೇ ಅಲ್ಲ, ಬಂದವರು ಸೀನಿದರೆ ಅವಳಿಗೆ ಒಳಗೊಳಗೇ ಸಮಾಧಾನ. ಅತಿಥಿ ಸೀನಿ, ಕಣ್ಣೊರೆಸಿಕೊಂಡು, ನಾಚಿಕೊಂಡು ನಕ್ಕ ಮೇಲೆಯೇ ಅವಳು ನೀರಿನ ತಂಬಿಗೆ ತರುತ್ತಿದ್ದಳು.

ಆದರೆ ಅವಳ ನಿಜವಾದ ಅಧಿಕಾರ ಆ ಒಂದು ಪದದಲ್ಲಿತ್ತು. ಒಂದ್ನಮೂನಿ ಆಗುವುದು ಬೇರೆ, ಒಂದ್ನಮೂನಿ ಇರುವುದು ಬೇರೆ. ಮೊದಲನೆಯದು ಮೈಗೆ, ಎರಡನೆಯದು ಲೋಕಕ್ಕೆ. ಬಸ್ಸು ಹತ್ತುವ ಮುಂಚೆ ಆಯಿಗೆ ಒಂದ್ನಮೂನಿ ಆದರೆ ಪ್ರಯಾಣ ರದ್ದು. ಹಾವೇರಿಯಿಂದ ತಂದ ಹೊಸ ಕನ್ನಡಿ ಒಂದ್ನಮೂನಿ ಐತಿ ಎಂದಳು. ಅದು ಎಲ್ಲರ ಮುಖವನ್ನೂ ಸರಿಯಾಗಿಯೇ ತೋರಿಸುತ್ತಿತ್ತು, ಆದರೂ ಗೋಡೆಯ ಕಡೆ ಮುಖ ಮಾಡಿ ನಿಂತಿತು. ನಮ್ಮ ಎಮ್ಮೆ ಒಂದು ದಿನ ಅವಳನ್ನು ಒಂದ್ನಮೂನಿ ನೋಡಿತು. ಅವತ್ತು ಹಾಲು ಹಿಂಡಿದ್ದು ಅವ್ವ. ಅಪ್ಪ ವ್ಯಾಪಾರಿ. ನಮೂನಿ ಎಂದರೆ ಯಾವುದರದು ಎಂದು ಗೊತ್ತಿರಲೇಬೇಕು ಅವನಿಗೆ. ಪ್ರತಿಸಲ ಕೇಳುತ್ತಿದ್ದ:

"ಯಾವ ನಮೂನಿ, ಯವ್ವಾ?"

"ಯಾವ ನಮೂನಿ ಅಂತ ಗೊತ್ತಿದ್ರ ಒಂದ್ನಮೂನಿ ಅಂತ ಯಾಕ ಅಂತಿದ್ನಿ?"

ನಾನು ದೊಡ್ಡವಳಾದ ಮೇಲೆ, ಚಿಂತೆ ಮಾಡುವವರಿಗೆ ಇರುವಷ್ಟು ಬಿಡುವು ಯಾರಿಗೂ ಇರುವುದಿಲ್ಲವಾದ್ದರಿಂದ, ನಿಘಂಟುಗಳನ್ನು ತಿರುವಿ ನೋಡಿದ್ದೇನೆ. ನಮೂನೆ ಸಿಗುತ್ತದೆ: ಮಾದರಿ, ಬಗೆ. ಒಂದ್ನಮೂನಿ ಸಿಗುವುದಿಲ್ಲ. ಮೈಸೂರು ಕಡೆಯವರು ಇದಕ್ಕೇ ಒಂಥರಾ ಎನ್ನುತ್ತಾರೆ. ಆ ತರಹವೂ ನಮ್ಮ ನಮೂನಿಯಂತೆ ದೂರದಿಂದ ಬಂದದ್ದೇ. ಹೆದರಿಕೆಗೆ ನಮ್ಮಲ್ಲಿ ಭಯ, ಅಂಜಿಕೆ, ದಿಗಿಲು ಎಂದು ಎಷ್ಟೊಂದು ಮಾತುಗಳಿವೆ. ಆದರೆ ಹುಲಿಯೂ ಇಲ್ಲ, ಕಳ್ಳನೂ ಇಲ್ಲ, ಎಲ್ಲ ಇದ್ದಲ್ಲೇ ಇದೆ, ಆದರೂ ಏನೋ ತುಸು ಸರಿದಂತಿದೆ ಎಂಬುದಕ್ಕೆ ನಾಡಿನ ಈ ತುದಿಯವರೂ ಆ ತುದಿಯವರೂ ಒಂದು ಕಡ ತಂದ ಪದ ಹಿಡಿದು, ಅದರ ತಲೆಗೆ ಒಂದು 'ಒಂದು' ಕಟ್ಟಿ ಸುಮ್ಮನಾಗಿದ್ದಾರೆ. ಅದು ಕಡ ತಂದ ಪದವೆಂದು ನನಗೆ ಮೊದಲು ಹೇಳಿದವರು ಖಾದರಸಾಬರು. ಅಪ್ಪನ ಪಕ್ಕದ ಅಂಗಡಿಯವರು, ನಮ್ಮ ಹಿತ್ತಲ ಗೋಡೆಯ ಆಚೆಯೇ ಅವರ ಮನೆ. ಸಂಜೆ ಪಡಸಾಲೆಗೆ ಬಂದು ಕೂತು, ನಮೂನಿ ಎಂಬುದು ಪಾರ್ಸಿ ಭಾಷೆಯಿಂದ ಬಂದ ಮಾತು ಅಮ್ಮಾರ ಎಂದು ಆಯಿಯನ್ನು ಕೆಣಕುತ್ತಿದ್ದರು. ಆಯಿ ಒಪ್ಪುತ್ತಿರಲಿಲ್ಲ. ತನ್ನ ಅವ್ವನೂ ಹೀಗೇ ಅನ್ನುತ್ತಿದ್ದಳು, ಅವಳು ಕಾಗಿನೆಲೆ ದಾಟಿ ಹೋದವಳಲ್ಲ, ಪಾರ್ಸಿ ಅವಳಿಗೆ ಎಲ್ಲಿ ಸಿಕ್ಕಿತು ಎಂದು ವಾದಿಸುತ್ತಿದ್ದಳು. ಹಾಗಾದರೆ ನಿಮ್ಮ ಮನೆಯಲ್ಲಿ ಇದಕ್ಕೆ ಏನಂತೀರಿ ಎಂದು ಕೇಳಿದ್ದಕ್ಕೆ ಖಾದರಸಾಬರು, ನಮ್ಮಲ್ಲಿ 'ಕೈಸಾಕಿ' ಅಂತೀವಿ, ಅಂದರೆ ಹೆಂಗೋ ಏನೋ ಅಂತ, ಎಂದರು. ಆಯಿ ಆ ಪದವನ್ನು ಬಾಯಲ್ಲಿ ಎರಡು ಸಲ ಹೊರಳಿಸಿ ನೋಡಿ, ಇದೂ ಬೇಷಿದೆ ಎಂದು ಇಟ್ಟುಕೊಂಡಳು. ಹೊರಗಿನವರ ಎದುರಿಗೆ ಆಡಲು ಬೇಕಾಗುತ್ತದೆ ಎಂದು.

ಬೇಕಾಗಿಯೇ ಬಿಟ್ಟಿತು. ನಮ್ಮ ಗಿರಿಜತ್ತಿಗೆ ಗಂಡು ನೋಡುವ ಹೊತ್ತು ಅದು. ಗಿರಿಜತ್ತಿ ಅಪ್ಪನ ಕೊನೆಯ ತಂಗಿ. ನಡುಮನೆಯಲ್ಲಿ ಆಯಿ, ಅವಳು, ನಾನು ಒಂದೇ ಜಮಖಾನೆಯ ಮೇಲೆ ಮಲಗುವವರು; ನಡುವಿನ ಜಾಗ ನನ್ನದು, ಎರಡೂ ಕಡೆಯ ಹೊದಿಕೆ ನನ್ನದೇ. ಅವಳು ದಿನಾ ರೈಲಿನಲ್ಲಿ ರಾಣೇಬೆನ್ನೂರಿಗೆ ಟೈಪಿಂಗ್ ಕಲಿಯಲು ಹೋಗುತ್ತಿದ್ದಳು. ಅವಳನ್ನು ನೋಡಲು ಬಂದವರು ಅದಾಗಲೇ ಇಬ್ಬರು. ಒಬ್ಬನ ನಗು ಒಂದ್ನಮೂನಿ, ಇನ್ನೊಬ್ಬನ ಚಪ್ಪಲಿ ಒಂದ್ನಮೂನಿ ಎಂದು ಆಯಿ ಸಾಗಹಾಕಿದ್ದಳು. ಆಗ ಗಿರಿಜತ್ತಿಗೆ ಬೇಸರವೇನೂ ಆಗಿರಲಿಲ್ಲ. ಚಪ್ಪಲಿಯವನನ್ನು ಅಣಕಿಸಿ ನನ್ನನ್ನು ನಗಿಸಿದ್ದಳು. ಮೂರನೆಯದನ್ನು ತಂದವನು ಹಲಗೇರಿ ಕಾಕಾ. ಅವನು ದೂರದ ಸಂಬಂಧಿ, ನಂಟಸ್ತನ ಕುದುರಿಸುವುದು ಅವನ ಹವ್ಯಾಸ. ಅವನಲ್ಲಿದ್ದ ಒಂದೇ ದೋಷವೆಂದರೆ ಒಂದು ಮನೆಯಲ್ಲಿ ಕೇಳಿದ್ದನ್ನು ಇನ್ನೊಂದು ಮನೆಯಲ್ಲಿ ಅಕ್ಷರ ಬಿಡದೆ ಹೇಳುವುದು. ಹುಡುಗ ರಾಣೇಬೆನ್ನೂರಿನವನು, ಬೀಜದ ಅಂಗಡಿ, ಹೆಸರು ಚಂದ್ರಶೇಖರ ಎಂದ. ಈ ಸಲ ಗಿರಿಜತ್ತಿ ನಗಿಸಲಿಲ್ಲ. ಅವರು ಬರುವ ದಿನ ಬೆಳಿಗ್ಗೆಯಿಂದ ಪಡಸಾಲೆಯನ್ನು ಮೂರು ಸಲ ಸಾರಿಸಿದಳು, ಗೂಡಿನ ನಮೂನಿಗಳನ್ನೆಲ್ಲ ಹಿತ್ತಲಿಗೆ ಸಾಗಿಸೋಣವೇ ಎಂದು ಅಪ್ಪನನ್ನು ಕೇಳಿದಳು. ಅಪ್ಪ, ನಾವು ಮೆಣಸಿನಕಾಯಿ ಮಂದಿ, ಬೆಲ್ಲದ ಮಂದಿಯ ಹಾಗೆ ಯಾಕೆ ತೋರಿಸಿಕೊಳ್ಳಬೇಕು ಎಂದು ಬಿಟ್ಟ.

ಬಂದರು. ಹುಡುಗನ ತಾಯಿ ಹೊಸ್ತಿಲಲ್ಲೇ ಸೀನಿದಳು. ಹಲಗೇರಿ ಕಾಕಾ ಟೊಪ್ಪಿಗೆ ಕೈಯಲ್ಲಿ ಹಿಡಿದುಕೊಂಡು ಸೀನಿದ. ಹುಡುಗ ಮಾತ್ರ ಸೀನಲಿಲ್ಲ. ಗೂಡಿನ ಕೆಳಗೇ, ಮಾಲಿನ ಘಾಟು ನೇರ ಮೂಗಿಗೆ ಇಳಿಯುವ ಜಾಗದಲ್ಲೇ ಕೂತು, ಕಣ್ಣಲ್ಲಿ ನೀರಿಳಿಯುತ್ತಿದ್ದರೂ ಬಸವಣ್ಣನ ಮುಂದಿನ ದೀಪದ ಹಾಗೆ ಅಲುಗದೆ ಕೂತ. ಆಯಿಯ ಕೈಯಲ್ಲಿ ತಂಬಿಗೆ ಹಾಗೇ ಉಳಿಯಿತು. ಉಪ್ಪಿಟ್ಟು ಕೊಟ್ಟರೆ ಒಂದೊಂದು ತುತ್ತಿಗೂ ತಡೆದು, ಕೆರೆಯಿಂದ ತೆಗೆದ ಮೀನಿನ ಹಾಗೆ ಬಾಯಿ ತೆರೆದು ಉಸಿರೆಳೆದುಕೊಂಡು ಮುಂದಿನ ತುತ್ತಿಗೆ ಹೋಗುತ್ತಿದ್ದ. ಅಪ್ಪ ಮಾತಿಗೆ ಶುರುಮಾಡಲು, ಅಂಗಡಿ ರಾಣೇಬೆನ್ನೂರಿನಲ್ಲಿ ಯಾವ ಕಡೆ ಬರುತ್ತದೆ ಎಂದು ಕೇಳಿದ. ಹುಡುಗ ವಿನಯದಿಂದ ಹೇಳಿದ:

"ದಬ್ಬ ಅಂಗಡಿ ಬಾರ್ಕೆಟ್ಟಿನ ಬುಂದ ಬರ್ತೈತ್ರಿ."

ನಮ್ಮ ಅಂಗಡಿ, ಮಾರ್ಕೆಟ್ಟಿನ ಮುಂದೆ. ಅಪ್ಪನಿಗೆ ಅರ್ಥಮಾಡಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು. ನನಗೆ ನಗು ತಡೆಯಲಾಗದೆ ಅವ್ವನ ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಆಯಿ ನಗಲಿಲ್ಲ. ಚಹಾ ತರುವ ನೆಪದಲ್ಲಿ ಒಳಗೆ ಬಂದು, ಪಡಸಾಲೆಗೆ ಕೇಳುವಂತೆಯೇ, ಕೈಸಾಕಿ ಅದಾನ, ಪೂರಾ ಕೈಸಾಕಿ ಎಂದಳು. ನೆಗಡಿಯಾಗಿರಬೇಕು ಎಂದು ಅವ್ವ ಸಮಜಾಯಿಷಿ ಹೇಳಿದಳು. ನೆಗಡಿಯಾದವನು ಎಲ್ಲರಿಗಿಂತ ಮೊದಲು ಸೀನಬೇಕಲ್ಲ ಎಂದು ಆಯಿ ಕೇಳಿದಳು. ಗಿರಿಜತ್ತಿ ಚಹಾದ ತಾಟು ಹಿಡಿದು ನಿಂತಿದ್ದಳು. ಅದನ್ನು ಪಡಸಾಲೆಗೆ ಒಯ್ಯುವ ಬದಲು ಒಲೆಯ ಹತ್ತಿರ ಇಳಿಸಿ, ತುಂಬಿದ ಕಪ್ಪಿಗೇ ಮತ್ತೆ ಚಹಾ ಸುರಿದಳು. ನನ್ನ ಬದುಕಿನಲ್ಲಿ ಬೇರೆಯವರ ಸಲುವಾಗಿ ಚಿಂತೆ ಮಾಡಿದ್ದು ಅದೇ ಮೊದಲು. ಅಂದಿನಿಂದ ಬಿಟ್ಟಿಲ್ಲ.

ಅವರು ಹೊರಟ ಮೇಲೆ ಹಲಗೇರಿ ಕಾಕಾ ಚಪ್ಪಲಿ ಹುಡುಕುತ್ತ ಹಿಂದುಳಿದು, ಹೆಂಗನಿಸಿತು ಎಂದು ಆಯಿಯನ್ನು ಕೇಳಿದ. ಹೊರಗಿನವರು ಹೋದರಲ್ಲ ಎಂಬ ನಿಶ್ಚಿಂತೆಯಿಂದ ಅವಳು ಕಡ ತಂದ ಪದ ಬಿಟ್ಟು ತನ್ನದನ್ನೇ ಬಳಸಿದಳು. ಹುಡುಗ ಒಂದ್ನಮೂನಿ ಅದಾನ ಎಂದಳು. ಕಾಕಾ ಅದನ್ನು ಅಷ್ಟೇ ಅಷ್ಟು, ಒಂದು ಒತ್ತಕ್ಷರ ಉದುರದಂತೆ ರಾಣೇಬೆನ್ನೂರಿಗೆ ತಲುಪಿಸಿದ.

ಮುಂದಿನ ದಿನಗಳಲ್ಲಿ ನಮ್ಮ ಮನೆಯ ಊಟವೇ ಕೆಟ್ಟಿತು. ರೊಟ್ಟಿ ಬಡಿಯುವ ಗಿರಿಜತ್ತಿ ಸಿಟ್ಟನ್ನೆಲ್ಲ ರೊಟ್ಟಿಯ ಮೇಲೆ ತೀರಿಸಿಕೊಳ್ಳುತ್ತಿದ್ದಳು. ಕೆಲವು ಹಪ್ಪಳದ ಹಾಗೆ, ಕೆಲವು ಚಪ್ಪಲಿಯ ಹಾಗೆ ಬರುತ್ತಿದ್ದವು. ಆಯಿ ಅವುಗಳನ್ನು ಏನೂ ಅನ್ನದೆ ಮುರಿದು ತಿನ್ನುತ್ತಿದ್ದಳು. ಒಂದು ಮಧ್ಯಾಹ್ನ ಗಿರಿಜತ್ತಿ ಹಿಟ್ಟು ನಾದುವ ಕೊಣಮಿಗೆಯ ಮುಂದಿನಿಂದ ಏಳದೆಯೇ ಹೇಳಿದಳು:

"ನಿನಗ ಬರೇ ಅನಸ್ತೈತಿ ಯವ್ವಾ. ನಿನಗ ಅನಿಸಿದ್ದಕ್ಕ ನಾ ಎಷ್ಟು ದಿನ ಮನ್ಯಾಗ ಕೂಡ್ಲಿ? ಈ ಮನಿ ಬಿಟ್ರ ನನಗ ಇದ ಸಂಬಂಧ ಬೇಕು. ಇಲ್ಲಾಂದ್ರ ಯಾವದೂ ಬ್ಯಾಡ."

ಮಗಳು ಒಂದೇ ಸಲ ನೋಡಿದ ಗಂಡಿಗಾಗಿ ಹೀಗೇಕೆ ಹಟ ಹಿಡಿದಿದ್ದಾಳೆ ಎಂಬುದೇ ಆಯಿಗೆ ಇನ್ನೊಂದು ಒಂದ್ನಮೂನಿಯಾಯಿತು.

ಆ ವಾರದ ಸಂತೆಯ ದಿನ ಹುಡುಗನ ತಾಯಿ ತಾನೇ ಬಂದಳು. ಜೊತೆಗೆ ಮಗ, ಹಿಂದೆ ಕಾಕಾ. ಮುಂಚಿತವಾಗಿ ಹೇಳಿ ಕಳಿಸಿರಲಿಲ್ಲ. ಪಡಸಾಲೆಗೆ ಕಾಲಿಡದೆ ಹೊರಗಿನ ಕಟ್ಟೆಯ ಮೇಲೇ ನಿಂತು, ಓಣಿಗೆಲ್ಲ ಕೇಳಲಿ ಎಂಬಂತೆ ಅಪ್ಪನನ್ನು ಕೇಳಿದಳು:

"ನನ್ನ ಮಗ ಒಂದ್ನಮೂನಿ ಅದಾನಂತ ಅಂದ್ರಂತಲ್ರಿ. ಒಂದ್ನಮೂನಿ ಅಂದ್ರ ಏನು? ಅಷ್ಟ ಹೇಳ್ರಿ, ಕೇಳಿ ಹೋಗ್ತೀವಿ."

ಅಪ್ಪ ಅಂಗಡಿಯಲ್ಲಿ ಎಂಥೆಂಥ ಗಿರಾಕಿಗಳನ್ನು ಸಂಭಾಳಿಸಿದವನು. ಒಳಗೆ ಬಾಗಿಲ ಹಿಂದೆ ತಂಗಿಯ ಸೀರೆಯ ಅಂಚು ಕಾಣುತ್ತಿತ್ತು. ಅವನು ಗೂಡಿನಿಂದ ಒಂದು ನಮೂನಿಯ ಪೊಟ್ಟಣ ತೆಗೆದು, ಬಿಚ್ಚಿ, ಅಂಗೈಯ ಮೇಲೆ ಹರಡಿಕೊಂಡು ಕಟ್ಟೆಗೆ ಬಂದ. ಬ್ಯಾಡಗಿ ಪೇಟೆಯಲ್ಲಿ ಒಂದ ನಮೂನಿ ಎಂದರೆ ಚೀಲದ ಬಾಯಲ್ಲೂ ಅದೇ, ತಳದಲ್ಲೂ ಅದೇ, ಕಲಬೆರಕೆ ಇಲ್ಲದ್ದು. ತನ್ನ ತಾಯಿ ಯಾರನ್ನೂ ಸುಮ್ಮಸುಮ್ಮನೆ ಹಾಗೆ ಹೊಗಳುವವಳಲ್ಲ ಎಂದು ಬಿಡಿಸಿ ಹೇಳಿದ. ಗದ್ದಲ ಕೇಳಿ ಬಂದಿದ್ದ ಖಾದರಸಾಬರು ಕೂಡಲೇ ದನಿಗೂಡಿಸಿದರು. ಪಾರ್ಸಿಯಲ್ಲಿ ಇದು ಬಹಳ ಇಜ್ಜತ್ತಿನ ಮಾತು ಅಕ್ಕಾರ, ದರಬಾರಿನಲ್ಲಿ ಆಡುವಂಥದ್ದು ಎಂದರು. ಖಾದರಸಾಬರಿಗೆ ಪಾರ್ಸಿ ಬರುತ್ತಿರಲಿಲ್ಲ. ಹುಡುಗನ ತಾಯಿಯ ಮುಖ ಅರ್ಧ ಸಡಿಲವಾಯಿತು. ಆದರೂ ಅವಳು ಜಾಣೆ. ಮಾತು ಆಡಿದವಳನ್ನೇ ಕೇಳಬೇಕೆಂದು ಆಯಿಯ ಕಡೆ ತಿರುಗಿದಳು. ಅಪ್ಪ ಕಣ್ಣಿನಿಂದ ಬೇಡಿಕೊಂಡ. ಆಯಿ ಒಂದು ಹೂಂ ಎಂದರೆ ಸಾಕಿತ್ತು. ಆದರೆ ಇಷ್ಟು ವರ್ಷ ನಂಬಿ ಆಡಿದ ಪದವನ್ನು ಮೆಣಸಿನಕಾಯಿಯ ಪೊಟ್ಟಣದಲ್ಲಿ ಕಟ್ಟಿಕೊಡಲು ಅವಳಿಗೆ ಮನಸ್ಸು ಬರಲಿಲ್ಲ.

"ನಾ ಅಂದದ್ದು ಖರೇನವಾ. ಹೊಗಳಿ ಅಂದದ್ದಲ್ಲ. ನಿನ್ನ ಮಗ ನಮ್ಮನ್ಯಾಗ ಸೀನಲಿಲ್ಲ. ನೀ ಸೀನಿದಿ, ಲೋಕ ಸೀನತೈತಿ. ಹೊರಗಿಂದ ಬಂದು ಸೀನದ ಮನಶ್ಯಾನ್ನ ನಾ ಕಂಡಿಲ್ಲ. ನನಗ ಅಂಜಿಕಿ ಬಂತು."

ಆಗ ಅಪ್ಪನ ಅಂಗೈಯ ಹತ್ತಿರವೇ ನಿಂತಿದ್ದ ಚಂದ್ರಶೇಖರ ಸೀನಿದ. ಅದು ಸೀನೋ ಗುಡುಗೋ. ಎದುರಿನ ಗೋಡೆಯ ಮೇಲಿನ ಪಾರಿವಾಳಗಳು ಎದ್ದು ಹಾರಿದವು. ಅಪ್ಪನ ಅಂಗೈಯಲ್ಲಿದ್ದ ನಮೂನಿ ಕಟ್ಟೆಯ ತುಂಬ ಚೆಲ್ಲಿತು, ಅದರ ಘಾಟಿಗೆ ಮತ್ತೆ ಸೀನಿದ, ಮಗನ ಹಿಂದೆ ತಾಯಿ, ತಾಯಿಯ ಹಿಂದೆ ಕಾಕಾ. ಕಂಬ ಹಿಡಿದುಕೊಂಡು, ಎರಡು ಸೀನಿನ ನಡುವೆ ಸಿಕ್ಕ ಜಾಗದಲ್ಲಿ ಹುಡುಗ ಹೇಳಿದ:

"ಅವತ್ತು ಮೂಗಿನ್ಯಾಗ ಅರಳಿ ಇಟ್ಕೊಂಡಿದ್ನಿರಿ. ಹತ್ತಿ ಅರಳಿ. ಹಿರೇರು ಶಕುನ ನೋಡ್ತಾರ, ಘಾಟಿನ ಸೀನು ಲೆಕ್ಕಕ್ಕಿಲ್ಲ ಅಂದ್ರೂ ನಂಬಾಕ ಆಗೂದಿಲ್ಲ, ಸೀನಿದ್ರ ಕೆಲಸ ಕೆಡತೈತಿ ಅಂತ ಗಿರಿಜಾ ಹೇಳಿದ್ಲು."

ಬಾಗಿಲ ಹಿಂದಿನ ಸೀರೆಯ ಅಂಚು ಮಾಯವಾಯಿತು. ಹುಡುಗನ ತಾಯಿ ಕಣ್ಣೊರೆಸಿಕೊಂಡು, ಸೀನು ಬಂದರೂ ತಡೆದು, ಎಲ್ಲರ ಮನಸ್ಸಿನಲ್ಲಿದ್ದುದನ್ನು ಕೇಳಿದಳು:

"ಗಿರಿಜಾ ಯಾವಾಗ ಹೇಳಿದ್ಲೋ?"

ರೈಲು, ಟೈಪಿಂಗ್ ಕ್ಲಾಸು, ಕ್ಲಾಸಿನ ಕೆಳಗೇ ಇದ್ದ ಬೀಜದ ಅಂಗಡಿ ಒಂದೊಂದಾಗಿ ಹೊರಬಂದವು. ಹಲಗೇರಿ ಕಾಕಾ ಈ ನಂಟಸ್ತನವನ್ನು ತಾನಾಗಿ ಹುಡುಕಿದ್ದಲ್ಲ, ಹುಡುಗನೇ ಅವನನ್ನು ಹುಡುಕಿಕೊಂಡು ಹೋಗಿದ್ದ ಎಂಬುದೂ ಬಂತು. ಯಾರೂ ಕೇಳಿರಲಿಲ್ಲವಾದ್ದರಿಂದ ಕಾಕಾ ಅದನ್ನು ಹೇಳಿರಲಿಲ್ಲ. ಇಬ್ಬರು ತಾಯಂದಿರೂ ಒಬ್ಬರ ಮುಖ ಒಬ್ಬರು ನೋಡಿದರು. ಈಗಷ್ಟೇ ಎದುರುಬದುರು ನಿಂತಿದ್ದವರು ಒಂದೇ ಗಳಿಗೆಯಲ್ಲಿ ಒಂದೇ ಪಕ್ಷಕ್ಕೆ ಸೇರಿದವರಾದರು. ಮಕ್ಕಳಿಂದ ಮೋಸಹೋದವರ ಪಕ್ಷ. ಆಯಿ ಒಳಗೆ ಹೋಗಿ ನೀರಿನ ತಂಬಿಗೆ ತಂದು ಅವಳ ಕೈಗಿತ್ತಳು. ಪಡಸಾಲೆಯಲ್ಲಿ ಒಂದೇ ಹೊರಸಿನ ಮೇಲೆ ಕೂತು ಇಬ್ಬರೂ ಈ ಕಾಲದ ಹುಡುಗರನ್ನು ಸಾಕಷ್ಟು ಬೈದ ಮೇಲೆ ಆಯಿ ಚಂದ್ರಶೇಖರನನ್ನು ಹತ್ತಿರ ಕರೆದು, ಅರಳಿ ಇಟ್ಟುಕೊಂಡು ಉಪ್ಪಿಟ್ಟು ಹೆಂಗೆ ತಿಂದೆ ಎಂದು ಕೇಳಿದಳು. ಬಹಳ ತ್ರಾಸಾಯಿತು ಎಂದ. ಆಯಿ ಬೀಗಿತ್ತಿಯ ಕಡೆ ತಿರುಗಿದಳು.

"ನನ್ನ ಮಗಳ ಮಾತಿಗೆ ಉಸಿರು ಕಟ್ಟಿ ಕುಂತಾನ ನೋಡವಾ. ಮದುವ್ಯಾದ ಮ್ಯಾಲೂ ಹೆಂಗೂ ಕಟ್ಟೂದೈತಿ. ರೂಢಿ ಆಗೇತಿ."

ಮದುವೆ ನಮ್ಮ ಮನೆಯ ಮುಂದೇ ಆಯಿತು. ಅಪ್ಪ ಮನೆಗೆ ಸುಣ್ಣ ಬಳಿಸಿದ, ಗೂಡುಗಳನ್ನೆಲ್ಲ ತೊಳೆಸಿದ, ಬೀಗರ ಮೂಗಿನ ಮೇಲಿನ ಗೌರವದಿಂದ ಪಡಸಾಲೆಯಲ್ಲಿದ್ದ ನಮೂನಿಗಳನ್ನು ಒಂದೂ ಬಿಡದೆ ಅಂಗಡಿಗೆ ಸಾಗಿಸಿದ. ನಾನು ಹೊಸ ಲಂಗದಲ್ಲಿ ಓಡಾಡಿ, ಬುಂದೆ ತಿಂದು, ಹೊಟ್ಟೆ ಕೆಡಿಸಿಕೊಂಡು, ಗಿರಿಜತ್ತಿ ಗಾಡಿ ಹತ್ತುವಾಗ ಹಿತ್ತಲಲ್ಲಿದ್ದೆ. ಬಂದು ನೋಡಿದರೆ ಓಣಿ ಖಾಲಿಯಿತ್ತು. ಮರುದಿನ ಮಧ್ಯಾಹ್ನ ನಡುಮನೆಯಲ್ಲಿ ಆಯಿ ಜಮಖಾನೆ ಹಾಸಿದಳು. ಅದು ಎಂದಿನಷ್ಟೇ ಅಗಲವಿತ್ತು. ನಾನು ನಡುವೆ ಮಲಗಿದೆ, ಆಮೇಲೆ ಗೊತ್ತಾಯಿತು, ನನಗೆ ಈಗ ನಡುವೆಂಬುದು ಇಲ್ಲ, ಒಂದು ಅಂಚು ಮಾತ್ರ ಇದೆ. ಎಲ್ಲವೂ ಇದ್ದಲ್ಲೇ ಇತ್ತು. ಗೂಟಕ್ಕೆ ಗಿರಿಜತ್ತಿಯ ಹಳೆಯ ಚೀಲ ತೂಗುತ್ತಿತ್ತು, ಕನ್ನಡಿ ಗೋಡೆಯ ಕಡೆ ಮುಖ ಮಾಡಿ ನಿಂತಿತ್ತು. ಹೊಟ್ಟೆಯ ಮೇಲ್ಭಾಗದಲ್ಲಿ, ಬುಂದೆಯದಲ್ಲದ ಒಂದು ಜಾಗದಲ್ಲಿ, ನನಗೆ ಏನೋ ಆಯಿತು. ಅದಕ್ಕೆ ಹೆಸರೂ ಗೊತ್ತಿತ್ತು. ನಾನು ಹೇಳುವ ಮೊದಲೇ ಆಯಿ ಎದ್ದು ಕೂತು ಹೇಳಿದಳು:

"ಒಂದ್ನಮೂನಿ ಆಗಾಕತ್ತೈತಿ."

ಪಡಸಾಲೆಯಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ ಅಪ್ಪ ರೂಢಿಯಂತೆ ಅಲ್ಲಿಂದಲೇ ಕೇಳಿದ:

"ಯಾವ ನಮೂನಿ, ಯವ್ವಾ?"

ಎಂದಿನ ಉತ್ತರ ಬರುತ್ತದೆಂದು ನಾನು ಕಾದೆ. ಆಯಿ ಗೂಟದ ಚೀಲವನ್ನೇ ನೋಡುತ್ತಿದ್ದಳು.

"ಈ ಸಲ ಗೊತ್ತೈತಪಾ," ಅಂದಳು.

ಆಯಿ ಸೆರಗಿನಿಂದ ಮುಖ ಮುಚ್ಚಿಕೊಂಡು ಒಂದು ಸಲ ಸೀನಿದಳು, ಆ ಮನೆಗೆ ಸೊಸೆಯಾಗಿ ಬಂದ ಹೊಸತರಲ್ಲಿ ಬಿಟ್ಟರೆ ಎಂದೂ ಸೀನದವಳು. ಕಣ್ಣು, ಮೂಗು ಎರಡನ್ನೂ ಒರೆಸಿಕೊಂಡು, ಘಾಟು ಎಂದಳು. ಹೌದು, ಬಹಳ ಘಾಟು ಎಂದ ಅಪ್ಪ. ಬಾಗಿಲಿನಾಚೆ ಸುಣ್ಣ ಬಳಿದ ಗೂಡುಗಳು ಕಾಣುತ್ತಿದ್ದವು. ಅವುಗಳಲ್ಲಿ ಒಂದು ಮೆಣಸಿನಕಾಯಿಯೂ ಇರಲಿಲ್ಲ.